ಅಪ್ಪನ ಕಣ್ಣಿನ ಪೊರೆ

ರಾಲೆ, ನಾರ್ತ್ ಕ್ಯಾರೊಲಿನಾ
ಆಗಸ್ಟ್ 26

ಪ್ರೀತಿಯ ಅವ್ವ,

ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಕಾಗದ ಮೊನ್ನೆ ಸಿಕ್ಕಿತು. ಫೋನ್ ಮಾಡಿದರೆ ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ ಅಂತ ಕಾಗದ ಬರೆದೆಯಲ್ಲ, ಲಕೋಟೆ ನೋಡಿದಾಗಲೇ ಏನೋ ಇದೆ ಅಂದುಕೊಂಡೆ. ಮೂರು ಪುಟ ಮಕ್ಕಳ ಶಾಲೆಗಾಗಿ ನನ್ನನ್ನು ಬೈದು, ಕೊನೆಗೆ ಒಂದೇ ಸಾಲಿನಲ್ಲಿ ಆನೆ ವಿಷಯ!

ಶಾಲೆಯದ್ದು ಮೊದಲು ಮುಗಿಸಿಬಿಡುತ್ತೇನೆ. ಮಕ್ಕಳನ್ನು ಸುಮ್ನೆ ಮನೆಯಲ್ಲಿ ಕೂರಿಸಿಕೊಂಡಿಲ್ಲ. ಮನೆಯಲ್ಲೇ ಕಲಿಸೋದಕ್ಕೆ ಇಲ್ಲಿ ಕಾನೂನೇ ಇದೆ. ಸರ್ಕಾರಕ್ಕೆ ಬರೆದುಕೊಟ್ಟಿದ್ದೇನೆ, ಹಾಜರಿ ಪುಸ್ತಕ ಇದೆ, ವರ್ಷಕ್ಕೊಂದು ಪರೀಕ್ಷೆಯೂ ಇದೆ. ಶಾಲೆಗೆ ಹೆಸರು ಕೊಡಿ ಅಂದರು, ನಮ್ಮ ಕೊಡಗಿನ ಬೆಟ್ಟ ನೆನೆದು ಪುಷ್ಪಗಿರಿ ಅಂತ ಬರೆದೆ. ಇಬ್ಬರೇ ಮಕ್ಕಳ ಶಾಲೆ, ಹೆಸರು ಮಾತ್ರ ಬೆಟ್ಟದಷ್ಟು.

ಈ ತಿಂಗಳು ಚಿಟ್ಟೆ ಪಾಠ. ಮೊನಾರ್ಕ್ ಅಂತ ಕೇಸರಿ ಬಣ್ಣದ ಚಿಟ್ಟೆ, ಚಳಿಗಾಲಕ್ಕೆ ಇಲ್ಲಿಂದ ಮೆಕ್ಸಿಕೋ ದಿಕ್ಕಿಗೆ ಹೊರಡುತ್ತದೆ. ಅದರ ಹುಳು ಮಿಲ್ಕ್‌ವೀಡ್ ಬಿಟ್ಟು ಬೇರೇನೂ ತಿನ್ನುವುದಿಲ್ಲ. ಆ ಗಿಡ ನಮ್ಮ ಎಕ್ಕದ ನೆಂಟ, ಎಲೆ ಮುರಿದರೆ ಅದೇ ಬಿಳಿ ಹಾಲು. ಅಂಗಡಿಯಿಂದ ತಂದ ಮೊದಲ ಗಿಡಕ್ಕೆ ಔಷಧಿ ಹೊಡೆದಿದ್ದರೋ ಏನೋ, ಬೆಳಗಾಗುವುದರೊಳಗೆ ಆರು ಹುಳು ಸತ್ತಿದ್ದವು. ತನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಈಗಿನವು ಹಿತ್ತಲಲ್ಲಿ ನಾವೇ ಬೀಜ ಹಾಕಿ ಬೆಳೆಸಿದ ಗಿಡದವು.

ನಿನ್ನೆ ಒಂದು ಹುಳು ಪೊರೆ ಬಿಟ್ಟಿತು. ಹಳೇ ಚರ್ಮದಿಂದ ಮೆಲ್ಲಗೆ ಮುಂದಕ್ಕೆ ಹರಿದು ಬಂತು, ತಲೆಯ ಕರಿ ಚಿಪ್ಪು ಕಳಚಿ ಬಿತ್ತು. ಕೊಂಬಿನಂಥವು ಒದ್ದೆ ದಾರದ ಹಾಗೆ ಜೋತುಬಿದ್ದಿದ್ದವು. ಸ್ವಲ್ಪ ಸುಧಾರಿಸಿಕೊಂಡು, ಹಿಂತಿರುಗಿ, ಬಿಟ್ಟ ಪೊರೆಯನ್ನೇ ತಿಂದಿತು. ಚಿನ್ನು ಕೇಳಿದ, "ಅಜ್ಜನ ಕಣ್ಣಿನ ಪೊರೆಯೂ ಹೀಗೇ ಬೀಳುತ್ತಾ? ಅಜ್ಜ ಅದನ್ನು ತಿನ್ನುತ್ತಾರಾ?" ನಗು ಬಂತು. ಆಮೇಲೆ ನಿನ್ನ ಆ ಸಾಲು ನೆನಪಾಯಿತು.

ಹಲಸಿನ ಮರದ ಕೆಳಗೆ ನಿಂತ ಆನೆಯನ್ನು ಅಪ್ಪ ಬಂಡೆ ಅಂದುಕೊಂಡರಾ? ಅವ್ವ, ಆ ಮರದ ಕೆಳಗೆ ಬಂಡೆ ಎಲ್ಲಿದೆ? ಹುಟ್ಟಿದಾಗಿನಿಂದ ಅದೇ ತೋಟದಲ್ಲಿ ಓಡಾಡಿದವರು. ನಾಯಿ ಬೊಗಳದೆ ಇದ್ದಿದ್ದರೆ?

ಅವರ ನೆಪಗಳು ನನಗೆ ಬಾಯಿಪಾಠ. ಕೈಲ್ ಮುಹೂರ್ತ ಹಬ್ಬ ಕಳೆಯಲಿ, ಹುತ್ತರಿ ಆಗಲಿ, ಕಾಫಿ ಕುಯ್ಲು ಮುಗಿಯಲಿ, ಆಮೇಲೆ ಮೆಣಸು. ಈಗ ಪೊರೆ ಹಣ್ಣಾಗಲಿ ಅನ್ನುತ್ತಾರಂತೆ. ಅದೇನು ಕಾಫಿಯಾ ಹಣ್ಣಾಗೋದಕ್ಕೆ? ಹಾಗೆ ಕಾಯುತ್ತಿದ್ದದ್ದು ಅಜ್ಜಿಯ ಕಾಲದಲ್ಲಿ. ಈಗ ಸಣ್ಣ ತೂತು ಮಾಡಿ, ಮಸುಕಾದ ಮಸೂರವನ್ನು ಪುಡಿ ಮಾಡಿ ತೆಗೆದು, ಹೊಸದು ಕೂರಿಸುತ್ತಾರೆ. ಅರ್ಧ ಗಂಟೆಯ ಕೆಲಸ, ಸಾಮಾನ್ಯವಾಗಿ ಅದೇ ದಿನ ಮನೆಗೆ. ಬಿಟ್ಟಷ್ಟೂ ಗಟ್ಟಿಯಾಗಿ ತೆಗೆಯೋದು ಕಷ್ಟವಾಗುತ್ತದೆ. ಆಪರೇಷನ್‌ಗೆ ಮೊದಲು ಅವರ ಸಕ್ಕರೆ ಹತೋಟಿಗೆ ಬರಬೇಕು. ಹಬ್ಬದ ಪಾಯಸದ ಪಾತ್ರೆ ಅವರ ಕೈಗೆ ಸಿಗದ ಹಾಗೆ ಇಡು.

ಇಲ್ಲಿ ಸಕ್ಕರೆಯೆಲ್ಲ ಹಕ್ಕಿಗೆ ಹೋಗುತ್ತಿದೆ. ಹಮ್ಮಿಂಗ್‌ಬರ್ಡ್ ಅಂತ, ನಿಂತಲ್ಲೇ ಗಾಳಿಯಲ್ಲಿ ತೇಲುತ್ತಾ ಕುಡಿಯುತ್ತದೆ, ಹಿಂದಕ್ಕೂ ಹಾರುತ್ತದೆ. ಒಂದು ಲೋಟ ಸಕ್ಕರೆಗೆ ನಾಲ್ಕು ಲೋಟ ನೀರು, ಬಣ್ಣ ಹಾಕಬಾರದು, ಈ ಸೆಖೆಗೆ ಎರಡು ದಿನಕ್ಕೊಮ್ಮೆ ಬಾಟಲಿ ತೊಳೆಯಬೇಕು. ಹಕ್ಕಿಯ ತೂಕ ಬರೀ 3 ಗ್ರಾಂ. ನೀನು ಕಳಿಸಿದ ಕಾಫಿ ಬೀಜವನ್ನು ಅಡಿಗೆ ತಕ್ಕಡಿಯಲ್ಲಿ ಹಾಕಿ ನೋಡಿದೆವು, ಇಪ್ಪತ್ತು ಬೀಜಕ್ಕೇ ಅಷ್ಟಾಯಿತು. ಇಷ್ಟಿದ್ದುಕೊಂಡು ಮೆಕ್ಸಿಕೋ ಕೊಲ್ಲಿಯ ಮೇಲೆ ಸುಮಾರು 800 ಕಿ.ಮೀ. ಎಲ್ಲೂ ಇಳಿಯದೆ ಹಾರುತ್ತವೆ. ಪಕ್ಕದ ಮನೆಯಾಕೆ ಇಂಥದ್ದು ನಿಮ್ಮಲ್ಲಿ ಇಲ್ಲ ಅಲ್ವಾ ಅಂದಳು. ನಮ್ಮ ದಾಸವಾಳಕ್ಕೆ ಸೂರಕ್ಕಿ ಬರುತ್ತೆ, ಅದಕ್ಕೆ ಯಾರೂ ಬಾಟಲಿ ಕಟ್ಟಬೇಕಿಲ್ಲ ಅಂದೆ. ನಮ್ಮ ಕರ್ನಾಟಕದ ರಾಜ್ಯ ಚಿಟ್ಟೆಯ ಫೋಟೋನೂ ತೋರಿಸಿದೆ, ಆ ಕಪ್ಪು ಹಳದಿಯದ್ದು, ಅಂಗೈ ಮೀರಿಸುವಂಥದ್ದು. ಸುಮ್ಮನಾದಳು.

ಇರಲಿ. ಸಂಜೆ ಐದರ ಮೇಲೆ ಅಪ್ಪ ತೋಟಕ್ಕೆ ಇಳಿಯಬಾರದು. ಜೀಪಿನ ಕೀ ಅಕ್ಕಿ ಡಬ್ಬದಲ್ಲಿ ಬಚ್ಚಿಡು. ಗಣಿಯ ಖಾತೆಗೆ ಹಣ ಹಾಕಿದ್ದೇನೆ, ಕೈಲ್ ಮುಹೂರ್ತದ ಮಾರನೇ ದಿನವೇ ಅವನು ಮೈಸೂರಿಗೆ ಕರೆದುಕೊಂಡು ಹೋಗಲಿ. ಹಣದ ಯೋಚನೆ ಖಂಡಿತ ಬೇಡ, ನಮಗೆ ಏನೂ ತೊಂದರೆ ಇಲ್ಲ. ನಾನು ಗಾಬರಿಯೂ ಆಗಿಲ್ಲ. ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ ನಿಜ, ಅದು ಸೆಖೆಗೆ. ಆಪರೇಷನ್ ಆದ ಮೇಲೆ ಕಣ್ಣಿಗೆ ನೀರು ತಾಗಿಸಬಾರದು, ಹನಿ ಮದ್ದು ತಪ್ಪಿಸಬಾರದು, ಇದನ್ನು ಗಣಿಗೆ ಎರಡು ಸಲ ಹೇಳು. ನಾನೂ ಹೇಳುತ್ತೇನೆ.

ತನು ಕೂಗುತ್ತಿದ್ದಾಳೆ, ದೊಡ್ಡ ಹುಳು ತಪ್ಪಿಸಿಕೊಂಡು ಕಿಟಕಿ ಪರದೆ ಹತ್ತಿದೆಯಂತೆ. ಉಳಿದದ್ದು ಫೋನಿನಲ್ಲಿ. ಅಪ್ಪನಿಗೆ ಈ ಕಾಗದ ತೋರಿಸಬೇಡ.

ನಿನ್ನ,
ಪಾರು