ಬೋರ್ಡು ನೋಡಿದ್ದು ಸಾಕು, ಆಟೋಕ್ಲೇವ್ ತೆರೆಸಿ

ಮಾನ್ಯ ಸಂಪಾದಕರೇ,

ಕೋಲಾರ ಜಿಲ್ಲೆಯಲ್ಲಿ ಖಾಸಗಿ ಕ್ಲಿನಿಕ್‌ಗಳ ತಪಾಸಣೆ ಎಂದರೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಇದೆಯೇ, ವೈದ್ಯರ ಪದವಿ ನಿಜವೇ, ದರಪಟ್ಟಿ ಹಾಕಿದ್ದಾರೆಯೇ ಎಂಬಷ್ಟಕ್ಕೇ ಮಾತು ಮುಗಿಯುತ್ತದೆ. ನಕಲಿ ವೈದ್ಯರನ್ನು ಹಿಡಿಯಲು ಅದು ಬೇಕೇ ಬೇಕು. ಆದರೆ ಅಸಲಿ ವೈದ್ಯರಿರುವ ಕಡೆಯೂ ರೋಗಿಗೆ ಸೋಂಕು ತಗಲುವುದು ಒಳಗಿನ ಇಂಜೆಕ್ಷನ್ ಕೋಣೆಯಲ್ಲಿ. ತಪಾಸಣಾ ತಂಡ ಅಲ್ಲಿ ಅರ್ಧ ಗಂಟೆಯಾದರೂ ನಿಂತು ನೋಡಬೇಕು.

ಮೊದಲು ಆಟೋಕ್ಲೇವ್, ಅಂದರೆ ಒತ್ತಡದ ಹಬೆಯಲ್ಲಿ ಸಾಮಾನುಗಳ ರೋಗಾಣು ಕೊಲ್ಲುವ ಪಾತ್ರೆಯ ಮುಚ್ಚಳ ತೆಗೆಸಬೇಕು. ನಮ್ಮ ಕಡೆಯ ಕೊಳವೆಬಾವಿ ನೀರು ಎಷ್ಟು ಗಡಸೆಂದು ಮನೆಯ ಗೀಸರ್ ಬಿಚ್ಚಿಸಿದವರಿಗೆಲ್ಲ ಗೊತ್ತು. ಅದೇ ನೀರು ಹಾಕಿದರೆ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಕವಾಟ ಕಚ್ಚಿಕೊಳ್ಳುತ್ತದೆ. ಡಿಸ್ಟಿಲ್ಡ್ ನೀರೇ ಹಾಕಬೇಕು. ಒತ್ತಡದ ಮುಳ್ಳು 15 ಪೌಂಡ್‌ಗೆ ಬಂದು ಶಾಖ 121 ಡಿಗ್ರಿ ಮುಟ್ಟಿದ ಮೇಲೆ ಹೊತ್ತು ಎಣಿಸಬೇಕು. ಬಟ್ಟೆ ಸುತ್ತಿದ ಸಾಮಾನಿಗೆ 30 ನಿಮಿಷ. ಸ್ವಿಚ್ ಹಾಕಿದಾಗಿನಿಂದಲೇ ಎಣಿಸುವವರು ಬಹಳ. ಒಳಗಿನ ಗಾಳಿ ಹೊರಬಿಡದೆ ಕವಾಟ ಮುಚ್ಚಿದರೆ ಮುಳ್ಳು 15 ತೋರಿಸುತ್ತದೆ, ಶಾಖ ಮಾತ್ರ ಏರಿರುವುದಿಲ್ಲ. ಗಾಯಕ್ಕೆ ಕಟ್ಟುವ ಬಟ್ಟೆ ತುಂಬುವ ಡ್ರೆಸಿಂಗ್ ಡ್ರಮ್ಮಿನ ಪಕ್ಕದ ತೂತುಗಳನ್ನು ತೆರೆದು ಒಳಗಿಡಬೇಕು, ಹೊರತೆಗೆದೊಡನೆ ಮುಚ್ಚಬೇಕು. ಮುಚ್ಚಿಯೇ ಇಟ್ಟಿದ್ದರೆ, ಅಥವಾ ಬಟ್ಟೆಯನ್ನು ಒತ್ತಿ ತುರುಕಿದ್ದರೆ, ನಡುವಿನ ಪದರಕ್ಕೆ ಹಬೆ ತಲುಪುವುದಿಲ್ಲ. ಮೇಲೆ ಅಂಟಿಸಿದ, ಶಾಖಕ್ಕೆ ಬಣ್ಣ ಬದಲಿಸುವ ಟೇಪಿನ ಗೆರೆ ಕಪ್ಪಾಯಿತೆಂದರೆ ಹೊರಗೆ ಶಾಖ ತಟ್ಟಿತು ಎಂದಷ್ಟೇ ಅರ್ಥ. ಗಂಟಿನ ಒಳಗೂ ಒಂದು ಸೂಚಕ ಚೀಟಿ ಇರಬೇಕು. ಇನ್ನು ಕತ್ತರಿ, ಫೋರ್ಸೆಪ್ಸ್‌ಗಳನ್ನು ನೀರಲ್ಲಿ ಕುದಿಸಿ ಬಳಸುವ ಕಡೆ ಬೇರೆ ಪ್ರಶ್ನೆಯೇ ಬೇಡ. ಕುದಿಸಿದರೆ ಧನುರ್ವಾಯುವಿನಂಥ ರೋಗಾಣುವಿನ ಬೀಜಕಗಳು ಸಾಯುವುದಿಲ್ಲ.

ಆಮೇಲೆ ಇಂಜೆಕ್ಷನ್ ಟ್ರೇ. ಹಲವು ಡೋಸ್‌ಗಳ ವಯಲ್ (ಔಷಧಿ ಸೀಸೆ) ಮೇಲೆ ತೆರೆದ ದಿನಾಂಕ ಬರೆದಿದೆಯೇ? ತಯಾರಕರು ಬೇರೆ ಹೇಳದಿದ್ದರೆ 28 ದಿನಕ್ಕೆ ಎಸೆಯಬೇಕು. ಪ್ರತಿ ಸಲ ಚುಚ್ಚುವ ತಾಪತ್ರಯ ತಪ್ಪಿಸಲು ರಬ್ಬರ್ ಬಿರಡೆಯಲ್ಲಿ ಒಂದು ಸೂಜಿಯನ್ನು ಹಾಗೇ ನೆಟ್ಟುಬಿಡುತ್ತಾರೆ. ಆ ಸೂಜಿಯ ದಾರಿಯಲ್ಲೇ ರೋಗಾಣು ಔಷಧಿಗಿಳಿಯುತ್ತದೆ. ಬೆಳಿಗ್ಗೆಯೇ ಸ್ಪಿರಿಟ್‌ನಲ್ಲಿ ನೆನೆಸಿಟ್ಟ ಹತ್ತಿಯ ಡಬ್ಬಿಯೂ ಅಷ್ಟೇ: ಹತ್ತಾರು ಸಲ ಕೈ ಹೋಗುತ್ತದೆ, ಸ್ಪಿರಿಟ್ ಆರಿಹೋಗುತ್ತದೆ.

ಲಸಿಕೆ ಇಡುವ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿ ಇರಬೇಕು, ದಿನಕ್ಕೆ ಎರಡು ಸಲ ಬರೆದಿರಬೇಕು. ತಿಂಗಳಿಡೀ ಒಂದೇ ಪೆನ್ನಲ್ಲಿ ‘4’ ಎಂದೇ ಬರೆದ ರಿಜಿಸ್ಟರ್ ಸಿಕ್ಕರೆ ಅದು ಒಂದೇ ದಿನ ಕೂತು ತುಂಬಿದ್ದೆಂದು ಅನುಮಾನಿಸಲೇಬೇಕು. ಟಿಟಿ (ಧನುರ್ವಾಯು), ಹೆಪಟೈಟಿಸ್-ಬಿ ಲಸಿಕೆ ಒಮ್ಮೆ ಹೆಪ್ಪುಗಟ್ಟಿದರೆ ಸತ್ತ್ವ ಹೋಯಿತು. ಫ್ರೀಜರ್ ಗೋಡೆಗೆ ಒರಗಿಸಿಟ್ಟಿದ್ದಾರೆಯೇ ನೋಡಿ. ನಾಯಿ ಕಡಿತಕ್ಕೆ ಚರ್ಮದೊಳಗೆ ಕೊಡುವ ಲಸಿಕೆಯನ್ನು ಕಲಸಿದ ಮೇಲೆ 6ರಿಂದ 8 ಗಂಟೆಯೊಳಗೆ ಮುಗಿಸಬೇಕು, ಮಿಕ್ಕಿದ್ದನ್ನು ನಾಳೆಗೆಂದು ಎತ್ತಿಡುವಂತಿಲ್ಲ. ಅದಕ್ಕೂ ಮೊದಲು ಗಾಯವನ್ನು ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಲ್ಲಿ ತೊಳೆಯಬೇಕು. ಕಾಲು ಚಾಚಿ ತೊಳೆಯಲು ತಗ್ಗಿನಲ್ಲೊಂದು ನಲ್ಲಿ ಇದೆಯೇ ಎಂದು ಯಾವ ತಂಡವೂ ಕೇಳಿದ್ದು ಕಾಣೆವು.

ಟೊಮೆಟೊ ತೋಟಗಳ ನಡುವಿನ ಊರುಗಳಲ್ಲಿ ಕೀಟನಾಶಕ ಮೈಗೆ ಹತ್ತಿದವರು ಮೊದಲು ಓಡಿಬರುವುದು ಹತ್ತಿರದ ಕ್ಲಿನಿಕ್ಕಿಗೇ. ತುರ್ತು ಟ್ರೇಯಲ್ಲಿ ಆ ವಿಷಕ್ಕೆ ಕೊಡುವ ಅಟ್ರೋಪಿನ್, ಇಂಜೆಕ್ಷನ್ ಒಗ್ಗದೆ ಹೋದರೆ ಕೊಡಲು ಅಡ್ರಿನಲಿನ್, ಅವಧಿ ಮೀರದೆ ಇರಬೇಕು. ಆಕ್ಸಿಜನ್ ಸಿಲಿಂಡರ್ ತಿರುಗಿಸಿ ತೋರಿಸಲು ಹೇಳಿ. ಎಷ್ಟೋ ಕಡೆ ಕೀಲಿಯೇ ಸಿಗುವುದಿಲ್ಲ.

ತ್ಯಾಜ್ಯದ ವಿಷಯ ಚಿಕ್ಕದು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಸೂಜಿ ಬಿಳಿ ಡಬ್ಬಿಗೆ, ಸಿರಿಂಜ್ ಕೆಂಪು ಚೀಲಕ್ಕೆ, ರಕ್ತದ ಹತ್ತಿ ಹಳದಿಗೆ. ಹಳದಿ ಚೀಲ 48 ಗಂಟೆ ದಾಟಿ ಅಲ್ಲೇ ಕೂರಬಾರದು.

ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಎನ್‌ಕ್ಯೂಎಎಸ್ (ರಾಷ್ಟ್ರೀಯ ಗುಣಮಟ್ಟ ಭರವಸೆ ಮಾನದಂಡ) ಪರಿಶೀಲನಾ ಪಟ್ಟಿ ಇದೆ. ಕಣ್ಣಾರೆ ನೋಡುವುದು, ಸಿಬ್ಬಂದಿಯನ್ನು ಕೇಳುವುದು, ದಾಖಲೆ ಓದುವುದು, ರೋಗಿಯನ್ನು ಮಾತಾಡಿಸುವುದು ಎಂದು ನಾಲ್ಕು ದಾರಿ. ಪ್ರತಿ ಅಂಶಕ್ಕೆ 0, 1 ಅಥವಾ 2 ಅಂಕ. ಖಾಸಗಿ ಕ್ಲಿನಿಕ್‌ಗೂ ಇದೇ ಕ್ರಮವನ್ನು ಚಿಕ್ಕದಾಗಿಸಿ ಬಳಸಬಹುದು. ಕೆಪಿಎಂಇ ಕಾಯ್ದೆಯ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಮುನ್ಸೂಚನೆ ಕೊಡದೆ, ಸೋಮವಾರ ಬೆಳಿಗ್ಗೆ ಹನ್ನೊಂದರ ನೂಕುನುಗ್ಗಲಿನ ಹೊತ್ತಿಗೆ ತಂಡ ಕಳಿಸಲಿ. ಒಬ್ಬರು ಅನುಭವಿ ಶುಶ್ರೂಷಾಧಿಕಾರಿ ತಂಡದಲ್ಲಿರಲಿ. ಸಿಕ್ಕ ಅಂಕವನ್ನು ದರಪಟ್ಟಿಯ ಪಕ್ಕದಲ್ಲೇ, ಸಾಲಿನಲ್ಲಿ ಕೂತವರಿಗೆ ಓದಲು ಬರುವಷ್ಟು ದಪ್ಪ ಕನ್ನಡ ಅಕ್ಷರದಲ್ಲಿ ಹಾಕಿಸಲಿ.

– ನಿವೃತ್ತ ಶುಶ್ರೂಷಾಧಿಕಾರಿಗಳು, ಮುಳಬಾಗಿಲು