ಸೈನೈಡ್ ಮೋಹನ್ ಸರಣಿಯಿಂದ ಆ ಹೆಣ್ಣುಮಕ್ಕಳ ಹೆಸರು ತೆಗೆಯಿರಿ

ಇವರಿಗೆ,
ಗ್ರಾಹಕ ದೂರು ವಿಭಾಗದ ಮುಖ್ಯಸ್ಥರು

ವಿಷಯ: ನಿಮ್ಮ ಆ್ಯಪ್‌ನ ಕ್ರೈಂ ಸರಣಿಯಲ್ಲಿ ಕೊಲೆಯಾದವರ ಹೆಸರು ಹೇಳಿರುವುದು, ತಪ್ಪು ಮಾಹಿತಿ ಕೊಟ್ಟಿರುವುದು

ನಮಸ್ಕಾರ.

ನಾನು ಬಂಟ್ವಾಳ ತಾಲೂಕಿನವಳು. ಎರಡು ವರ್ಷದಿಂದ ನಿಮ್ಮ ಆ್ಯಪ್‌ಗೆ ಚಂದಾ ಕಟ್ಟುತ್ತಿದ್ದೇನೆ. ದುಡ್ಡು ಕಟ್ಟುವುದು ನಾನು, ಜಾಸ್ತಿ ಕೇಳುವುದು ಅಮ್ಮ. ಅಮ್ಮ ಬೀಡಿ ಕಟ್ಟುತ್ತಾರೆ. ಮೊರ ಮಡಿಲಲ್ಲಿಟ್ಟು ಕೂತರೆ ಕೈ ತನ್ನ ಪಾಡಿಗೆ ಕೆಲಸ ಮಾಡುತ್ತದೆ, ಕಿವಿಗೆ ಏನಾದರೂ ಬೇಕು.

ಕಳೆದ ತಿಂಗಳು, ಹೆಣ್ಣುಮಕ್ಕಳಿಗೆ ಸೈನೈಡ್ ವಿಷ ಕೊಟ್ಟು ಕೊಂದ ಸೈನೈಡ್ ಮೋಹನ್ ಬಗ್ಗೆ ಇರುವ ನಿಮ್ಮ ಸರಣಿ ಹಾಕಿಕೊಟ್ಟೆ. ಮೂರನೇ ಕಂತಿನಲ್ಲಿ ಅಮ್ಮನ ಕತ್ತರಿ ನಿಂತಿತು. ಎಲೆ ಅರ್ಧ ಕತ್ತರಿಸಿದ್ದು ಹಾಗೇ ಬೆರಳಲ್ಲಿತ್ತು. ನಿಮ್ಮ ನಿರೂಪಕರು ಕೊಲೆಯಾದ ಒಬ್ಬೊಬ್ಬರದೇ ಹೆಸರು, ಊರು, ಅಪ್ಪನ ಕೆಲಸ ಹೇಳುತ್ತಾ ಹೋಗಿದ್ದರು. ನಡುವೆ ನಗು. ‘ಒಂದು ಫೋನಿಗೆ ಚಿನ್ನ ಹಾಕ್ಕೊಂಡು ಓಡಿಹೋದವಳು’ ಎಂಬ ಮಾತು ಬೇರೆ. ಅಮ್ಮ ಅಂದದ್ದು ಇಷ್ಟೇ: ‘ಅವರ ತಾಯಂದಿರು ಇನ್ನೂ ಇದ್ದಾರಲ್ಲ. ಅವರ ಕಿವಿಗೆ ಬಿದ್ದರೆ?’

ಅವರು ಹಾಗೆ ಓಡಿಹೋದವರಲ್ಲ. 2003 ರಿಂದ 2009 ರವರೆಗೆ ಮೋಹನ್ ಕುಮಾರ್ ಹುಡುಕಿದ್ದು ಬಡವರ ಮನೆಯ ಹುಡುಗಿಯರನ್ನು. ವರದಕ್ಷಿಣೆ ಕೊಡಲು ಆಗದೆ ಮದುವೆ ನಿಂತವರು. ಅವನು ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವನು. ಹುಡುಗಿಯ ಜಾತಿ ತಿಳಿದುಕೊಂಡು ಅದಕ್ಕೆ ಹೊಂದುವ ಸುಳ್ಳು ಹೆಸರು ಹೇಳುತ್ತಿದ್ದ. ವರದಕ್ಷಿಣೆ ಬೇಡ, ದೇವಸ್ಥಾನದಲ್ಲಿ ಮದುವೆ ಆಗೋಣ ಅನ್ನುತ್ತಿದ್ದ. ಅಂಥ ಮಾತು ಆ ಮನೆಗಳಲ್ಲಿ ಎಷ್ಟು ದೊಡ್ಡದು ಅಂತ ನಿಮಗೆ ಗೊತ್ತಾ? ನನಗೆ ಗೊತ್ತು. ನಮ್ಮ ಮನೆಯಲ್ಲೂ ಗಂಡಿನ ಕಡೆಯವರು ಬಂದು ಟೀ ಕುಡಿದು, ಲೆಕ್ಕ ಕೇಳಿ ಎದ್ದು ಹೋಗಿದ್ದಾರೆ.

ಲಾಡ್ಜಿನಲ್ಲಿ ಒಂದು ರಾತ್ರಿ. ಬೆಳಿಗ್ಗೆ ಒಡವೆಯನ್ನು ರೂಮಿನಲ್ಲೇ ಬಿಟ್ಟು ಬರಲು ಹೇಳಿ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗುತ್ತಿದ್ದ. ಬಸುರಾಗದಿರಲು ಮಾತ್ರೆ, ಶೌಚಾಲಯದಲ್ಲಿ ನುಂಗು ಅಂತ ಕೊಡುತ್ತಿದ್ದುದು ಸೈನೈಡ್. ಅವರು ಒಳಗೆ ಸಾಯುವಾಗ ಅವನು ಲಾಡ್ಜಿಗೆ ವಾಪಸ್ ಹೋಗಿ ಚಿನ್ನ ತೆಗೆದುಕೊಂಡು ಹೊರಟಿರುತ್ತಿದ್ದ.

ನಿಮ್ಮ ಎಂಟು ಕಂತುಗಳಲ್ಲಿ ಒಂದೇ ಒಂದು ಕಡೆಯೂ ಇಲ್ಲದ ಪ್ರಶ್ನೆ ಒಂದಿದೆ. ಮೈಸೂರು, ಬೆಂಗಳೂರು, ಮಡಿಕೇರಿ, ಹಾಸನದ ಬಸ್ ಸ್ಟ್ಯಾಂಡ್‌ಗಳಲ್ಲಿ ಒಂದೇ ರೀತಿ ಹೆಣ ಸಿಗುತ್ತಾ ಹೋದರೂ ಆರು ವರ್ಷ ಯಾರಿಗೂ ಯಾಕೆ ಗೊತ್ತಾಗಲಿಲ್ಲ? ಒಂದೊಂದು ಸ್ಟೇಷನ್ನಿನಲ್ಲಿ ಒಂದೊಂದು ಅಸಹಜ ಸಾವಿನ ಫೈಲು. ಹೆಣದ ಗುರುತಿಲ್ಲ, ಫೈಲು ಮುಚ್ಚಿತು. ಇತ್ತ ಊರಲ್ಲಿ ಹುಡುಗಿ ಯಾರ ಜೊತೆಗೋ ಹೋದಳು ಅಂತ ಸುದ್ದಿ. ಎರಡನ್ನೂ ಪಕ್ಕದಲ್ಲಿಟ್ಟು ನೋಡುವವರೇ ಇರಲಿಲ್ಲ.

2009 ರ ಜೂನ್‌ನಲ್ಲಿ ನಮ್ಮ ತಾಲೂಕಿನ ಒಬ್ಬ ಹುಡುಗಿ ಕಾಣೆಯಾದಾಗ, ಅನ್ಯ ಧರ್ಮದವನ ಜೊತೆ ಹೋದಳು ಎಂದು ಗಾಳಿಸುದ್ದಿ ಎದ್ದು ಜನ ಠಾಣೆಗೆ ನುಗ್ಗಿದ್ದರು. ಆಮೇಲೆ ಪೊಲೀಸರು ಅವಳ ಫೋನ್ ಕರೆಗಳ ಜಾಡು ಹಿಡಿದರು. ಅದು ಕಾಣೆಯಾದ ಇನ್ನೊಬ್ಬಳ ಮನೆಗೆ ಹೋಯಿತು. ಅಲ್ಲಿಂದ ಮತ್ತೊಬ್ಬಳ ಮನೆಗೆ. ಅಕ್ಟೋಬರ್‌ನಲ್ಲಿ ಅವನು ಸಿಕ್ಕ. ತನಿಖೆ ಅಂದರೆ ಇದು ಅಲ್ವಾ? ಇದಕ್ಕೆ ನೀವು ಕೊಟ್ಟದ್ದು ನಾಲ್ಕು ನಿಮಿಷ. ಕೊನೆಯ ಉಸಿರಿನ ಸೌಂಡ್ ಎಫೆಕ್ಟ್ ಮಾತ್ರ ಪ್ರತಿ ಕಂತಿನಲ್ಲೂ ಇದೆ. ಬದುಕಿ ಉಳಿದು, ಕೋರ್ಟಿಗೆ ಬಂದು ಸಾಕ್ಷಿ ಹೇಳಿದ ಹೆಂಗಸಿನ ಸುದ್ದಿಯೇ ಇಲ್ಲ. ಆ ಧೈರ್ಯಕ್ಕೆ ಒಂದು ಕಂತು ಸಾಲದು.

ಕೊನೆಯ ಕಂತಿನಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು ಎಂದಿದ್ದೀರಿ. ಇದು ಸುಳ್ಳು. 2013 ರ ಡಿಸೆಂಬರ್‌ನಲ್ಲಿ ಮಂಗಳೂರಿನ ಕೋರ್ಟ್ ಮರಣದಂಡನೆ ಕೊಟ್ಟದ್ದು ನಿಜ. ಮೇಲ್ಮನವಿಯಲ್ಲಿ, 2017 ರಲ್ಲಿ, ನಮ್ಮ ತಾಲೂಕಿನ ಹುಡುಗಿಯ ಕೇಸಿನಲ್ಲಿ ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು. ಅವನ ಮೇಲಿದ್ದ ಕೊನೆಯ, ಇಪ್ಪತ್ತನೇ ಕೊಲೆ ಕೇಸಿನ ತೀರ್ಪು ಬಂದದ್ದು 2020 ರ ಜೂನ್‌ನಲ್ಲಿ. ಅವನನ್ನು ಗಲ್ಲಿಗೇರಿಸಿಲ್ಲ.

ಹೆಸರಿನ ವಿಷಯ ಬರೀ ಮರ್ಯಾದೆಯ ಪ್ರಶ್ನೆಯಲ್ಲ. ಇವುಗಳಲ್ಲಿ ಅತ್ಯಾಚಾರದ ಆರೋಪವೂ ಸಾಬೀತಾದ ಕೇಸುಗಳಿವೆ. ಅತ್ಯಾಚಾರಕ್ಕೆ ಒಳಗಾದವರ ಗುರುತು ಹೇಳುವುದನ್ನು ಹಿಂದಿನ ಭಾರತೀಯ ದಂಡ ಸಂಹಿತೆಯ (ಐಪಿಸಿ) 228-ಎ ಸೆಕ್ಷನ್ ತಡೆದಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 72 ನೇ ಸೆಕ್ಷನ್ ತಡೆಯುತ್ತದೆ. ಸತ್ತವರಿಗೂ ಈ ರಕ್ಷಣೆ ಇದೆ ಎಂದು ಸುಪ್ರೀಂ ಕೋರ್ಟ್ 2018 ರಲ್ಲೇ ಹೇಳಿದೆ.

ಇದನ್ನೆಲ್ಲ ಆ್ಯಪ್‌ನಲ್ಲಿ ಮೂರು ಸಲ ಬರೆದೆ. ಮೂರು ಸಲವೂ ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಎಂದು ದೂರು ಮುಚ್ಚಿದಿರಿ. ಒಮ್ಮೆಯಾದರೂ ಯಾರಾದರೂ ಆ ಕಂತು ಕೇಳಿ ನೋಡಿದ್ದೀರಾ?

ಮೂರನೇ ಕಂತನ್ನು ಇವತ್ತೇ ತೆಗೆಯಿರಿ. ಎಲ್ಲ ಕಂತುಗಳಿಂದ ಹೆಣ್ಣುಮಕ್ಕಳ ಹೆಸರು, ಊರು, ಆ ನಗು ಹೋಗಬೇಕು. ಶಿಕ್ಷೆಯ ಬಗ್ಗೆ ತಿದ್ದುಪಡಿಯನ್ನು ಅದೇ ನಿರೂಪಕರ ದನಿಯಲ್ಲಿ ಸರಣಿಯ ಶುರುವಿಗೇ ಹಾಕಿ. ಹದಿನೈದು ದಿನ ಕಾಯುತ್ತೇನೆ. ಆಗಲೂ ಉತ್ತರ ಬಾರದಿದ್ದರೆ ಚಂದಾ ಹಣ ವಾಪಸ್ ಕೇಳಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಹೆಸರು ಹೇಳಿದ್ದಕ್ಕೆ ಪೊಲೀಸರಿಗೆ ಬೇರೆಯಾಗಿ ದೂರು ಕೊಡುತ್ತೇನೆ. ಮೂರೂ ದೂರುಗಳ ಸ್ಕ್ರೀನ್‌ಶಾಟ್ ಈ ಪತ್ರದ ಜೊತೆಗಿದೆ.

ಇಂತಿ,
ನಿಮ್ಮ ಚಂದಾದಾರಳು
ಬಂಟ್ವಾಳ ತಾಲೂಕು, ದಕ್ಷಿಣ ಕನ್ನಡ