ಭಾನುವಾರದ ಓದು: ಸಮಯ ಬದಲಾಗಿದೆ, ಲೆಕ್ಕ ಮಾಡಿಕೊಂಡು ಬನ್ನಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರದ ಆನ್‌ಲೈನ್ ಓದು ಸಂಜೆ 5ರ ಬದಲು 6.30ಕ್ಕೆ ಆರಂಭವಾಗುತ್ತದೆ. ಕೊಂಡಿ ಹಳೆಯದೇ. ವಿಷಯ: ವೃಷಭ ರಾಶಿಯ ಟಿಎಂಸಿ-1 ಎಂಬ ತಣ್ಣನೆಯ ಅನಿಲ-ಧೂಳಿನ ಕರಿಮೋಡದಲ್ಲಿ ಕಾರ್ಬನ್ ಸರಪಳಿ ಅಣುಗಳ ಪತ್ತೆ. ರೋಹಿಣಿ ನಕ್ಷತ್ರಕ್ಕೆ ಉತ್ತರದಲ್ಲಿರುವ ಈ ಮೋಡ ಬರಿಗಣ್ಣಿಗೆ ಕಾಣುವುದಿಲ್ಲ. ಅಲ್ಲಿನ ಅಣುಗಳು ತಿರುಗುವ ವೇಗ ಇಳಿಸಿಕೊಂಡಾಗ ಹೊಮ್ಮುವ ರೇಡಿಯೊ ಅಲೆಗಳೇ ನಮಗಿರುವ ಸುಳಿವು.

ಬರುವ ಮುನ್ನ ಎಲ್ಲರೂ ಒಂದು ಚಿಕ್ಕ ಲೆಕ್ಕ ಮಾಡಬೇಕು. ಎಚ್‌ಸಿ5ಎನ್ ಅಣುವಿನ (ಐದು ಕಾರ್ಬನ್ ಪರಮಾಣುಗಳ ಸರಪಳಿ, ಒಂದು ತುದಿಯಲ್ಲಿ ಹೈಡ್ರೋಜನ್, ಇನ್ನೊಂದರಲ್ಲಿ ನೈಟ್ರೋಜನ್) ಮೂರು ರೇಖೆಗಳು, ಅಂದರೆ ಅದು ರೇಡಿಯೊ ಅಲೆ ಹೊಮ್ಮಿಸುವ ನಿಗದಿತ ಆವರ್ತನಗಳು, ಸುಮಾರು 7.99, 10.65 ಮತ್ತು 13.31 ಗಿಗಾಹರ್ಟ್ಸ್‌ನಲ್ಲಿವೆ. ಅವುಗಳ ನಡುವಿನ ಅಂತರ ಕಂಡುಹಿಡಿದು, ಮುಂದಿನ ರೇಖೆ ಎಲ್ಲಿರಬೇಕೆಂದು ಬರೆದಿಡಿ. ಅಣು ಉದ್ದವಾದಷ್ಟೂ ಈ ಅಂತರ ಕಿರಿದಾಗುತ್ತದೆ. ಈ ಲೆಕ್ಕ ಕೈಗೆ ಹತ್ತಿದರೆ ಅರ್ಧ ವಿಷಯ ತಿಳಿದಂತೆಯೇ, ಆದ್ದರಿಂದ ದಯವಿಟ್ಟು ತಪ್ಪಿಸಬೇಡಿ.

ಒಂದೇ ರೇಖೆ ನೋಡಿ ಅಣು ಸಿಕ್ಕಿತು ಎನ್ನಲಾಗದು. ಎಚ್‌ಸಿ11ಎನ್ (ಹನ್ನೊಂದು ಕಾರ್ಬನ್ ಪರಮಾಣುಗಳ ಸರಪಳಿ) ಸಿಕ್ಕಿದೆ ಎಂದು 1997ರಲ್ಲಿ ಪ್ರಕಟವಾಯಿತು, 2016ರ ಹುಡುಕಾಟದಲ್ಲಿ ಅದು ಕಾಣಲಿಲ್ಲ. ಕೊನೆಗೆ ಅಮೆರಿಕದ 100 ಮೀಟರ್ ಗ್ರೀನ್ ಬ್ಯಾಂಕ್ ದೂರದರ್ಶಕದ ದತ್ತಾಂಶದಲ್ಲಿ ಹಲವು ಮಸುಕು ರೇಖೆಗಳನ್ನು ಒಂದರ ಮೇಲೊಂದು ಕೂಡಿಸಿ 2021ರಲ್ಲಿ ಖಚಿತಪಡಿಸಿದರು. ನನಗೆ ಇಡೀ ಕಥೆಯಲ್ಲಿ ಅತ್ಯಂತ ಇಷ್ಟವಾದ ಭಾಗ ಇದೇ. ಚರ್ಚೆಗೆ ಹೆಚ್ಚು ಸಮಯ ಇದಕ್ಕೇ ಇಟ್ಟಿದ್ದೇನೆ.

ಹೊಸ ಸಮಯ ಹೊಂದದವರು ಶುಕ್ರವಾರ ರಾತ್ರಿಯೊಳಗೆ ಇಲ್ಲಿಯೇ ತಿಳಿಸಿ. ಬರುವವರು ನಿಮ್ಮ ಉತ್ತರದ ಸಂಖ್ಯೆಯನ್ನು ಗುಂಪಿನಲ್ಲಿ ಹಾಕದೆ ನನಗೆ ನೇರವಾಗಿ ಕಳುಹಿಸಿ, ಉಳಿದವರೂ ಸ್ವತಃ ಮಾಡಿ ನೋಡಲಿ.